ಅಪ್ಪಯ್ಯ ಮಾರಿದ ಲಾಬ್‌ಸ್ಟರ್, ನಾವು ಬೇಯಿಸಿದ ಲಾಬ್‌ಸ್ಟರ್

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ನಿಂತವರಿಗೂ, ರಾತ್ರಿ ಪಾತ್ರೆ ತೊಳೀತಾ ಕೇಳ್ತಿರೋರಿಗೂ ಸ್ವಾಗತ. ಇವತ್ತು ಅಡುಗೆ ವಿಷಯ. ಮನೇಲಿ ಲಾಬ್‌ಸ್ಟರನ್ನ ಹಬೆಯಲ್ಲಿ ಬೇಯಿಸೋದು ಹೇಗೆ ಅಂತ ಹೇಳ್ತೀನಿ. ಜೊತೆಗೆ ಒಂದು ಲೆಕ್ಕವೂ ಇದೆ. ಬಿ.ಕಾಂ. ಓದಿದವನಲ್ವಾ, ಲೆಕ್ಕ ಇಲ್ದೆ ಮಾತು ಮುಗಿಯಲ್ಲ.

ನಮ್ಮ ಮನೆ ಕುಂದಾಪುರದ ಹತ್ತಿರ, ಗಂಗೊಳ್ಳಿ ಕಡೆ. ಅಪ್ಪಯ್ಯ ಮೂವತ್ತು ವರ್ಷ ನಾಡದೋಣಿಯಲ್ಲಿ ಮೀನು ಹಿಡಿದವರು. ಬಲೆಗೆ ಲಾಬ್‌ಸ್ಟರ್ ಬಿದ್ರೆ ಅವತ್ತು ಮನೇಲಿ ಹಬ್ಬ. ಆದ್ರೆ ಹಬ್ಬ ಅಂದ್ರೆ ಅದನ್ನ ತಿನ್ನೋದಲ್ಲ, ಮಾರೋದು. ಜೀವಂತ ಇದ್ರೆ ಏಜೆಂಟ್ ಬಂದು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಹೋಗ್ತಿದ್ರು, ಅದು ಯಾವ ದೇಶದ ಯಾವ ಹೋಟೆಲ್‌ಗೆ ಹೋಗ್ತಿತ್ತೋ ನಮಗೆ ಗೊತ್ತಿರ್ಲಿಲ್ಲ. ನನ್ನ ಕಾಲೇಜು ಫೀಸಿನಲ್ಲಿ ಒಂದಷ್ಟು ಅದರದ್ದೇ ದುಡ್ಡು. ನಮ್ಮ ಮನೆಯಲ್ಲಿ ಮಾತ್ರ ಒಬ್ರೂ ಅದರ ರುಚಿ ನೋಡಿರ್ಲಿಲ್ಲ.

ಹೋದ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ತೀರ್ಮಾನ ಮಾಡ್ದೆ. ಈ ಸಲ ನಾನೇ ದುಡ್ಡು ಕೊಟ್ಟು ತರ್ತೀನಿ, ಅಪ್ಪಯ್ಯ ತಿನ್ಬೇಕು ಅಂತ.

ಬೆಳಿಗ್ಗೆ ಇಬ್ರೂ ಬಂದರಿಗೆ ಹೋದ್ವಿ. ಒಂದು ದೋಣಿಯಲ್ಲಿ ಏಳುನೂರು ಗ್ರಾಂ ತೂಗೋ ದೊಡ್ಡದೊಂದಿತ್ತು. ಕೆ.ಜಿ.ಗೆ 1,600 ರೂಪಾಯಿ ಅಂದ್ರು. 1,120 ರೂಪಾಯಿ ಫೋನಲ್ಲೇ ಪೇ ಮಾಡಿ ಅಪ್ಪಯ್ಯನ ಮುಖ ನೋಡ್ದೆ. ಅವರು ಲಾಬ್‌ಸ್ಟರನ್ನ ಬೆನ್ನು ಹಿಡಿದು ತಿರುಗಿಸಿದ್ರು. ಬಾಲದ ಅಡಿಯಲ್ಲಿ ಕಿತ್ತಳೆ ಬಣ್ಣದ ಸಣ್ಣ ಸಣ್ಣ ಕಾಳುಗಳು, ಒತ್ತೊತ್ತಾಗಿ.

"ಮೊಟ್ಟಿ ಇತ್ತ್ ಕಾಣ್. ಇದ್ ಬ್ಯಾಡ ಮಗಾ."

"ದುಡ್ಡು ಕೊಟ್ಟಾಯ್ತಲ್ಲ ಅಪ್ಪಯ್ಯ."

"ಕೊಟ್ಟದ್ ಕೊಟ್ಟಾಯ್ತ್. ಮನಿಗೆ ತಕಂಡ್ ಹೋಪುದ್ ಬ್ಯಾಡ."

ಮಾರಿದವರು ದುಡ್ಡು ವಾಪಸ್ ಕೊಡಲ್ಲ ಅಂದ್ರು. ಅವರದ್ದೇನೂ ತಪ್ಪಿಲ್ಲ ಬಿಡಿ, ಅವರಿಗೂ ಡೀಸೆಲ್ ಖರ್ಚಿದೆ. ನಾನು ಬಂದರಿನಲ್ಲೇ ಸ್ವಲ್ಪ ಜೋರು ಮಾಡ್ದೆ. ಒಂದು ಲಾಬ್‌ಸ್ಟರ್ ಬಿಟ್ರೆ ಸಮುದ್ರ ತುಂಬುತ್ತಾ ಅಂತ ಕೇಳ್ದೆ. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಹೇಳಿದ್ದು ಇಷ್ಟೇ: "ಇಂಥದ್ದನ್ನ ಎಷ್ಟ್ ಮಾರಿದ್ನೋ ಲೆಕ್ಕ ಇಲ್ಲ. ನಿನ್ನ ಫೀಸಿಗೂ ಮಾರಿದ್ದೆ. ಈಗ ಬಲಿ ಖಾಲಿ."

ನನಗೆ ಮಾತು ಹೊರಡ್ಲಿಲ್ಲ.

ಆಮೇಲೆ ಓದಿ ತಿಳ್ಕೊಂಡೆ. ನಮ್ಮ ಕರಾವಳಿಯಲ್ಲಿ ಸಿಗೋದು ಮುಳ್ಳು ಲಾಬ್‌ಸ್ಟರ್. ಇಂಗ್ಲಿಷ್ ಸಿನಿಮಾಗಳಲ್ಲಿ ನೋಡ್ತೀವಲ್ಲ, ದೊಡ್ಡ ಕೊಂಡಿ ಇರೋ ಅಮೆರಿಕದ ಜಾತಿ, ಅದಲ್ಲ. ನಮ್ಮದಕ್ಕೆ ಕೊಂಡಿ ಇಲ್ಲ, ಉದ್ದ ಮೀಸೆ, ಮೈಯೆಲ್ಲ ಮುಳ್ಳು. ಹೆಣ್ಣು ಬಾಲದ ಅಡಿಯಲ್ಲಿ ಲಕ್ಷಗಟ್ಟಲೆ ಮೊಟ್ಟೆ ಹೊತ್ತು ತಿರುಗುತ್ತೆ. ಮೊಟ್ಟೆಯಿಂದ ಬಂದ ಮರಿ ಎಲೆ ಥರ ತೆಳ್ಳಗೆ, ಗಾಜಿನ ಥರ ಪಾರದರ್ಶಕ. ಅದು ತಿಂಗಳುಗಟ್ಟಲೆ ಸಮುದ್ರದಲ್ಲಿ ತೇಲ್ತಾ ಇರುತ್ತೆ, ಬಹುಪಾಲು ಉಳಿಯೋದೇ ಇಲ್ಲ. ಮರಿಯ ಈ ಹಂತ ಇಷ್ಟು ಉದ್ದ ಇರೋದ್ರಿಂದಲೇ ಸಿಗಡಿ ಥರ ಕೆರೆಯಲ್ಲಿ ಸುಲಭವಾಗಿ ಮರಿ ಮಾಡಿಸಿ ಬೆಳೆಸೋಕಾಗಲ್ಲ. ತಿನ್ನೋದೆಲ್ಲ ಸಮುದ್ರದ ಅಸಲಿನಿಂದಲೇ. ಬಡ್ಡಿ ತಿನ್ನೋದು ಬಿಟ್ಟು ಅಸಲಿಗೇ ಕೈ ಹಾಕಿದ್ರೆ ಏನಾಗುತ್ತೆ ಅಂತ ಕಾಮರ್ಸ್‌ನವನಿಗೆ ಬಿಡಿಸಿ ಹೇಳ್ಬೇಕಾ?

2003ರಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ರಫ್ತಿಗೆ ಕನಿಷ್ಠ ತೂಕ ಗೊತ್ತು ಮಾಡಿದೆ. ಇಡೀ ಲಾಬ್‌ಸ್ಟರ್ ಕಳಿಸೋದಾದ್ರೆ ಕೆಸರು ಜಾತಿಗೆ 300 ಗ್ರಾಂ, ಬಂಡೆ ಜಾತಿಗೆ 200 ಗ್ರಾಂ. ನಾವು ಮನೆಗೆ ಕೊಳ್ಳುವಾಗಲೂ ಇದನ್ನ ನೆನಪಿಟ್ರೆ ಒಳ್ಳೇದು. ತೀರಾ ಸಣ್ಣದು ಬೇಡ, ಮೊಟ್ಟೆ ಇರೋದು ಬೇಡ. ಅಂಗಡಿಯಲ್ಲಿ ಒಂದ್ಸಲ ತಿರುಗಿಸಿ ನೋಡೋಕೆ ಐದು ಸೆಕೆಂಡ್ ಸಾಕು.

ಸರಿ, ಆ ದೊಡ್ಡದನ್ನ ಒದ್ದೆ ಗೋಣಿಯಲ್ಲಿ ಸುತ್ತಿ, ಅವತ್ತೇ ಸಮುದ್ರಕ್ಕೆ ಹೊರಟಿದ್ದ ಪರಿಚಯದವರ ದೋಣಿಗೆ ಕೊಟ್ವಿ. ಅಳಿವೆಯಲ್ಲಿ ಬಿಡ್ಬೇಡಿ, ಹೊಳೆಯ ಸಿಹಿನೀರು ಅದಕ್ಕಾಗಲ್ಲ, ಬಂಡೆ ಹತ್ರ ಬಿಡಿ ಅಂತ ಅಪ್ಪಯ್ಯ ಎರಡೆರಡು ಸಲ ಹೇಳಿದ್ರು. ಆಮೇಲೆ 450 ಗ್ರಾಂದು, ಮೊಟ್ಟೆ ಇಲ್ಲದ್ದು ಒಂದು ತಗೊಂಡ್ವಿ. 720 ರೂಪಾಯಿ.

ಈಗ ಅಡುಗೆ. ಗಮನ ಇಟ್ಟು ಕೇಳಿ.

ಮೊದಲನೇದು, ಜೀವಂತದ್ದು ಕೊಳ್ಳೋದಾದ್ರೆ ಎತ್ತಿದಾಗ ಬಾಲ ಒಳಕ್ಕೆ ಮಡಚಬೇಕು. ಸತ್ತು ಎಷ್ಟು ಹೊತ್ತಾಯ್ತೋ ಗೊತ್ತಿಲ್ಲದ್ದನ್ನ ಕೊಳ್ಳಲೇಬೇಡಿ, ಇದರ ಮಾಂಸ ಬಹಳ ಬೇಗ ಕೆಡುತ್ತೆ. ಬೆಂಗಳೂರಿನವರಿಗೆ ಫ್ರೋಜನ್ ಬಾಲ ಸಾಕು. ರಾತ್ರಿಯಿಡೀ ಫ್ರಿಜ್‌ನ ಕೆಳಗಿನ ಭಾಗದಲ್ಲಿಟ್ಟು ಕರಗಿಸಿ, ಬಿಸಿನೀರಿಗೆ ಹಾಕ್ಬೇಡಿ.

ಎರಡನೇದು, ಜೀವಂತದ್ದನ್ನ ಹಾಗೇ ಹಬೆಗೆ ಇಡ್ಬೇಡಿ. ಐಸ್, ಉಪ್ಪು, ಸ್ವಲ್ಪ ನೀರು ಕಲಸಿ ಅದರಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಅಲುಗಾಟ ಪೂರ್ತಿ ನಿಂತ ಮೇಲೆ, ಕಣ್ಣುಗಳ ಹಿಂದೆ, ತಲೆಯ ನಡುಗೆರೆಯಲ್ಲಿ ಚೂಪಾದ ಚಾಕುವನ್ನ ಒಂದೇ ಸಲಕ್ಕೆ ಇಳಿಸ್ಬೇಕು. ಸ್ವಿಟ್ಜರ್ಲೆಂಡ್‌ನಲ್ಲಿ 2018ರಿಂದ ಪ್ರಜ್ಞೆ ತಪ್ಪಿಸದೆ ಲಾಬ್‌ಸ್ಟರನ್ನ ಕುದಿಯೋ ನೀರಿಗೆ ಹಾಕೋದು ಕಾನೂನಿಗೆ ವಿರುದ್ಧ. ಬ್ರಿಟನ್ನಿನ 2022ರ ಕಾಯ್ದೆ ಇವುಗಳಿಗೂ ನೋವು ತಿಳಿಯುತ್ತೆ ಅಂತ ಒಪ್ಪಿಕೊಂಡಿದೆ. ನಮ್ಮನೇಲಿ ಚಾಕು ಹಿಡಿದಿದ್ದು ಅಪ್ಪಯ್ಯ. ನನ್ನ ಕೈ ನಡುಗ್ತಿತ್ತು.

ಮೂರನೇದು, ಇಡ್ಲಿ ಪಾತ್ರೆ. ಹೌದು, ಬೇರೆ ಏನೂ ಬೇಡ. ತಳದಲ್ಲಿ ಎರಡು ಬೆರಳಷ್ಟು ನೀರು, ಒಂದು ಮುಷ್ಟಿ ಉಪ್ಪು. ಇಡ್ಲಿ ತಟ್ಟೆ ತೆಗೆದು ತೂತಿನ ತಟ್ಟೆ ಇಡಿ. ನೀರು ಜೋರಾಗಿ ಕುದಿದು ಹಬೆ ಬಂದ ಮೇಲೇ ಲಾಬ್‌ಸ್ಟರ್ ಇಟ್ಟು ಮುಚ್ಚಿ, ಆಗ ಟೈಮರ್ ಹಾಕಿ. 450 ಗ್ರಾಂದಕ್ಕೆ ಸುಮಾರು ಹತ್ತು ನಿಮಿಷ, ಬರೀ ಸಣ್ಣ ಬಾಲ ಆದ್ರೆ ಆರೇಳು ನಿಮಿಷ. ಪದೇ ಪದೇ ಮುಚ್ಚಳ ತೆಗೀಬೇಡಿ.

ಕಂದು-ಹಸಿರು ಚಿಪ್ಪು ಕೆಂಪಾಗುತ್ತೆ. ಆ ಕೆಂಪು ಮೊದಲೇ ಅದರಲ್ಲಿರುತ್ತೆ, ಒಂದು ಪ್ರೋಟೀನ್ ಅದನ್ನ ಹಿಡಿದಿಟ್ಟುಕೊಂಡಿರುತ್ತೆ. ಬಿಸಿಗೆ ಪ್ರೋಟೀನ್ ಸಡಿಲ ಆದಾಗ ಬಣ್ಣ ಹೊರಗೆ ಬರುತ್ತೆ. ಆದ್ರೆ ಚಿಪ್ಪು ಕೆಂಪಾಯ್ತು ಅಂತ ಬೆಂದಿದೆ ಅಂದ್ಕೋಬೇಡಿ. ಬಾಲದ ದಪ್ಪ ಭಾಗ ಸ್ವಲ್ಪ ಬಿಡಿಸಿ ನೋಡಿ, ಗಾಜಿನಂಥ ಹಸಿ ಹೊಳಪು ಹೋಗಿ ಪೂರ್ತಿ ಬೆಳ್ಳಗಾಗಿರ್ಬೇಕು. ಜಾಸ್ತಿ ಬೇಯಿಸಿದ್ರೆ ರಬ್ಬರ್. ಉದ್ದಕ್ಕೆ ಸೀಳಿ, ನಡುವಿನ ಕಪ್ಪು ಕರುಳು ತೆಗೀರಿ. ಬೆಣ್ಣೆ, ಬೆಳ್ಳುಳ್ಳಿ, ನಿಂಬೆ ಸಾಕು. ಸಿಗಡಿ, ಏಡಿ ತಿಂದ್ರೆ ಅಲರ್ಜಿ ಆಗೋರು ಇದರ ಹತ್ರಾನೂ ಬರ್ಬೇಡಿ.

ಈಗ ಲೆಕ್ಕ. ಒಟ್ಟು ಖರ್ಚು 1,840 ರೂಪಾಯಿ. ಮುಳ್ಳು ಲಾಬ್‌ಸ್ಟರ್‌ನಲ್ಲಿ ಬಾಲ ಅಂದ್ರೆ ಹೆಚ್ಚುಕಮ್ಮಿ ಮೂರನೇ ಒಂದು ಭಾಗ. ಅಂದ್ರೆ ತಟ್ಟೆಗೆ ಬಂದಿದ್ದು ನೂರೈವತ್ತು ಗ್ರಾಂ ಆಸುಪಾಸು, ಮೂರು ಜನಕ್ಕೆ. ಕೆ.ಜಿ. ಲೆಕ್ಕ ಹಾಕಿದ್ರೆ ಹನ್ನೆರಡು ಸಾವಿರ ದಾಟುತ್ತೆ. ಇದನ್ನ ಅಮ್ಮನಿಗೆ ನಾನು ಹೇಳಿಲ್ಲ, ನೀವೂ ಹೇಳ್ಬೇಡಿ.

ಅಪ್ಪಯ್ಯ ಬೆಣ್ಣೆ ಮುಟ್ಲಿಲ್ಲ. ಕುಚ್ಚಲಕ್ಕಿ ಗಂಜಿ ಜೊತೆ ಎರಡು ತುಂಡು ತಿಂದ್ರು. ಹೇಗಿದೆ ಅಂತ ಕೇಳ್ದೆ. "ಬಂಗಡಿಯೇ ರುಚಿ" ಅಂದ್ರು. ಆದ್ರೆ ಚಿಪ್ಪಿನೊಳಗೆ ಅಂಟಿಕೊಂಡಿದ್ದ ಚೂರನ್ನೂ ಬೆರಳಲ್ಲಿ ಕೆರೆದು ತಿಂದ್ರು.

ಸಂಜೆ ಆ ದೋಣಿಯವರು ಫೋನ್ ಮಾಡಿದ್ರು. ಬಂಡೆ ಹತ್ರ ಬಿಟ್ವಿ, ಹಿಂದಕ್ಕೆ ಹಿಂದಕ್ಕೆ ಈಜಿ ಕೆಳಗೆ ಹೋಯ್ತು ಅಂತ. ಅಪ್ಪಯ್ಯ ಫೋನ್ ಇಟ್ಟು, "ಆ ಸಾವ್ರದ ಚಿಲ್ರೆ ನಿಂಗೆ ನಾನ್ ಕೊಡ್ತೆ" ಅಂದ್ರು. ಬೇಡ ಅಂದೆ. ಫೀಸಿನ ಬಾಕಿ ಅಂದ್ಕೊಳ್ಳಿ ಅಂದೆ.

ಇವತ್ತಿಗೆ ಇಷ್ಟೇ. ನಿಮ್ಮ ಮನೇಲೂ ಬೆಳೆದು ಮಾರಿದ್ದು, ಹಿಡಿದು ಮಾರಿದ್ದು, ಆದ್ರೆ ಯಾವತ್ತೂ ತಿನ್ನದೇ ಇದ್ದದ್ದು ಏನಾದ್ರೂ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.