ಮುಯ್ಯಿ ಪುಸ್ತಕದ ಜೊತೆ ಇನ್ನೊಂದು ಪುಸ್ತಕ ಇಡಿ

ಮದುವೆ ಸೀಸನ್ ಶುರುವಾಗಿದೆ. ಇದನ್ನ ಕೇಳ್ತಿರೋ ಕೆಲವರದ್ದೇ ಮದುವೆ ಇರಬಹುದು, ಇನ್ನು ಕೆಲವರಿಗೆ ಅಕ್ಕನದ್ದೋ ಗೆಳೆಯನದ್ದೋ ಓಡಾಟ ಇರಬಹುದು. ಇವತ್ತಿನ ವಿಷಯ ಗೆಸ್ಟ್ ಬುಕ್. ಅಂದ್ರೆ, ಮದುವೆಗೆ ಬಂದವರ ಫೋಟೊ ಮತ್ತು ಅವರದೇ ಕೈಬರಹ ಒಂದೇ ಪುಟದಲ್ಲಿರೋ ಪುಸ್ತಕ.

'ಇದೆಲ್ಲ ಫಾರಿನ್ ಶೋಕಿ' ಅಂತ ಮನೆಯಲ್ಲಿ ಯಾರಾದ್ರೂ ಹೇಳೇ ಹೇಳ್ತಾರೆ. ಅವರಿಗೆ ಮುಯ್ಯಿ ಪುಸ್ತಕ ನೆನಪಿಸಿ. ಛತ್ರದಲ್ಲಿ ಒಬ್ಬರು ನೋಟ್‌ಬುಕ್ ಹಿಡ್ಕೊಂಡು ಹೆಸರು, ಊರು, ಮುಯ್ಯಿ ಎಷ್ಟು ಅಂತ ಬರ್ಕೊಳ್ತಾ ಕೂತಿರ್ತಾರಲ್ಲ, ಅದೂ ಒಂದು ಗೆಸ್ಟ್ ಬುಕ್ಕೇ. ನಮ್ಮಪ್ಪ-ಅಮ್ಮನ ಮದುವೆಯದ್ದು ಇನ್ನೂ ಮನೆಯಲ್ಲಿದೆ. ಒಬ್ಬರ ಹೆಸರಿನ ಮುಂದೆ 51 ರೂಪಾಯಿ, ಇನ್ನೊಬ್ಬರ ಮುಂದೆ ಒಂದು ಸ್ಟೀಲ್ ಕೊಡ. ಯಾರಿಗೆ ಎಷ್ಟು ವಾಪಸ್ ಮಾಡ್ಬೇಕು ಅನ್ನೋದು ಅದರಲ್ಲಿ ಗೊತ್ತಾಗತ್ತೆ. ಆದ್ರೆ ಆ ಕೊಡ ತಂದವರ ಮುಖ ಹೇಗಿತ್ತು, ಅವರು ನಮಗೆ ಏನಾಗಬೇಕು ಅಂತ ಕೇಳಿದ್ರೆ, ಈಗ ಹೇಳೋರಿಲ್ಲ.

ಫೋಟೊಗ್ರಾಫರ್ ಇದ್ದಾರಲ್ಲ ಅಂತೀರಾ? ಇದ್ದಾರೆ. ಬಂದವರು ಸ್ಟೇಜ್ ಹತ್ತಿ, ಕವರ್ ಕೊಟ್ಟು, ಕ್ಯಾಮೆರಾ ನೋಡಿ, ಇಳಿದು ಊಟಕ್ಕೆ ಹೋಗ್ತಾರೆ. ಆಲ್ಬಮ್‌ನಲ್ಲಿ ಮುಖ ಇರತ್ತೆ, ಹೆಸರಿರಲ್ಲ. ಮುಯ್ಯಿ ಪುಸ್ತಕದಲ್ಲಿ ಹೆಸರಿರತ್ತೆ, ಮುಖ ಇರಲ್ಲ. ಇವೆರಡನ್ನೂ ಸೇರಿಸೋದೇ ನಮ್ಮ ಕೆಲಸ.

ಮೊದಲು ಫೋಟೊ. ಇನ್‌ಸ್ಟಾಕ್ಸ್ ಮಿನಿ ಥರದ ಇನ್‌ಸ್ಟಂಟ್ ಕ್ಯಾಮೆರಾ ಯಾರ ಹತ್ರಾನಾದ್ರೂ ಇದ್ರೆ ಕೇಳಿ ತನ್ನಿ. ಅದರ ಹಾಳೆ 86×54 ಮಿ.ಮೀ., ಹೆಚ್ಚುಕಮ್ಮಿ ಎಟಿಎಂ ಕಾರ್ಡ್‌ನಷ್ಟು. ಚಿತ್ರ ಮೂಡೋ ಜಾಗ ಇನ್ನೂ ಚಿಕ್ಕದು, 62×46 ಮಿ.ಮೀ. ಹಾಗಾಗಿ ಒಂದು ಫೋಟೊಗೆ ಮೂರು-ನಾಲ್ಕು ಜನ ಸಾಕು. ಒಂದು ಪ್ಯಾಕ್‌ನಲ್ಲಿ 10 ಹಾಳೆ ಇರತ್ತೆ. ತಲೆಗೊಂದು ಬೇಡ, ಮನೆಗೊಂದು ತೆಗೀರಿ. ನೂರು ಮನೆಯವರಿಗೆ 10 ಪ್ಯಾಕ್, ಕೈತಪ್ಪಿ ಹಾಳಾಗೋದಕ್ಕೆ ಇನ್ನೊಂದು. ಚಿತ್ರ ಮೂಡೋಕೆ ಸುಮಾರು ಒಂದೂವರೆ ನಿಮಿಷ ಬೇಕು. ಅಷ್ಟರಲ್ಲಿ ಅವರು ಬರೆದು ಮುಗಿಸ್ತಾರೆ.

ಅಷ್ಟು ಖರ್ಚು ಬೇಡ ಅನ್ನೋರಿಗೆ ಫೋನೇ ಸಾಕು. ಪುಸ್ತಕದ ಪುಟಗಳಿಗೆ ಮೊದಲೇ ನಂಬರ್ ಹಾಕಿ. ಪುಟದ ನಂಬರ್ ಬರೆದ ಚೀಟಿ ಅವರ ಕೈಗೆ ಕೊಟ್ಟು ಒಂದು ಫೋಟೊ, ಚೀಟಿ ಇಲ್ಲದೆ ಇನ್ನೊಂದು. ಮದುವೆ ಆದ್ಮೇಲೆ ಸ್ಟುಡಿಯೋದಲ್ಲಿ 4×6 ಇಂಚಿನ ಪ್ರಿಂಟ್ ಹಾಕಿಸಿ ಅಂಟಿಸಿದ್ರೆ ಯಾರ ಪುಟ ಯಾವುದು ಅನ್ನೋ ಗೊಂದಲ ಇರಲ್ಲ.

ಪುಸ್ತಕ ಗೆರೆ ಇಲ್ಲದ ದಪ್ಪ ಹಾಳೆಯದ್ದಾಗಿರಲಿ. ಸ್ಪೈರಲ್ ಬೈಂಡಿಂಗ್ ಇದ್ರೆ ಒಳ್ಳೇದು, ಫೋಟೊ ಅಂಟಿಸ್ತಾ ಹೋದಂಗೆ ಪುಸ್ತಕ ಉಬ್ಬತ್ತೆ. ಸೆಲ್ಲೋಟೇಪ್ ಬೇಡ, ಕೆಲವೇ ವರ್ಷಕ್ಕೆ ಹಳದಿಯಾಗತ್ತೆ. ನೀರಾಗಿರೋ ಗಮ್ ಹಾಕಿದ್ರೆ ಹಾಳೆ ಸುಕ್ಕಾಗತ್ತೆ. ಫೋಟೊ ಕಾರ್ನರ್ ಬಳಸಿ.

ಟೇಬಲ್ ಎಲ್ಲಿಡೋದು? ಬಾಗಿಲಲ್ಲಿ ಬೇಡ, ಬರುವಾಗ ಎಲ್ಲರಿಗೂ ಮುಹೂರ್ತದ ಅವಸರ. ಸ್ಟೇಜ್ ಪಕ್ಕ ಬೇಡ, ಅಲ್ಲಿ ಕ್ಯೂ. ತಾಂಬೂಲದ ಚೀಲ ಕೊಡೋ ಜಾಗ ಸರಿಯಾದದ್ದು. ಊಟ ಆಗಿರತ್ತೆ, ಮನಸ್ಸು ತಣ್ಣಗಿರತ್ತೆ, ತೆಂಗಿನಕಾಯಿ ಇಸ್ಕೊಳ್ಳೋಕೆ ಹೇಗೂ ನಿಲ್ತಾರೆ. ಕೈ ತೊಳೆದು ಬಂದಿರ್ತಾರೆ, ಒಂದು ಟವೆಲ್ ಇಟ್ಟಿರಿ. ಮುಖ್ಯವಾಗಿ, ಅಲ್ಲಿ ಒಬ್ಬರು ಕೂತಿರಲೇಬೇಕು. ಮಾತುಗಾರ ಕಸಿನ್‌ಗಳಿಗೆ ಪಾಳಿ ಹಾಕಿ. ಬರೀ ಪುಸ್ತಕ ಇಟ್ರೆ ಯಾರೂ ಮುಟ್ಟಲ್ಲ.

ಖಾಲಿ ಪುಟ ಕೊಟ್ರೆ ಎಲ್ಲರೂ 'ಹ್ಯಾಪಿ ಮ್ಯಾರೀಡ್ ಲೈಫ್' ಅಂತಾನೇ ಬರೀತಾರೆ. ಒಂದು ಪ್ರಶ್ನೆ ಕೇಳಿ. 'ಇವಳನ್ನ ಚಿಕ್ಕವಳಿದ್ದಾಗ ನೋಡಿದ್ದು ಏನು ನೆನಪಿದೆ?' 'ಇವನ ಯಾವ ಗುಟ್ಟು ಹೆಂಡತಿಗೆ ಗೊತ್ತಿರಬೇಕು?' ಹೆಸರು, ಊರಿನ ಜೊತೆ ಸಂಬಂಧಾನೂ ಬರೆಸಿ: ಹುಡುಗಿಯ ಸೋದರಮಾವ, ಹುಡುಗನ ದೊಡ್ಡಮ್ಮ, ಪಕ್ಕದ್ಮನೆ ಆಂಟಿ, ಹೀಗೆ.

ಬರೆಯೋಕೆ ಬಾರದ ಹಿರಿಯರನ್ನ ಬಿಡಬೇಡಿ. ಅವರು ಹೇಳಿದ್ದನ್ನ ಅವರ ಮಾತಲ್ಲೇ ಬರ್ಕೊಳ್ಳಿ, ತಿದ್ದಬೇಡಿ. ಕೆಳಗೆ ಹೆಬ್ಬೆಟ್ಟು ಒತ್ತಿಸಿ. ನಮ್ಮಕ್ಕನ ಪುಸ್ತಕದಲ್ಲಿ ನಮ್ಮಜ್ಜಿ ಹೇಳಿ ಬರೆಸಿದ್ದು ಒಂದೇ ಸಾಲು: 'ಬೆಳಿಗ್ಗೆ ಕಾಪಿ ಕುಡೀದೆ ಇವ್ಳು ಮಾತಾಡಾಕಿಲ್ಲ, ತಿಳ್ಕಂಡಿರಿ.' ಮುಂದಿನ ವರ್ಷ ಅಜ್ಜಿ ಹೋದ್ರು. ಅಜ್ಜಿಯ ಫೋಟೊಗಳು ಬೇಕಾದಷ್ಟಿವೆ. ಅವರ ಮಾತು ಅವರದೇ ಧಾಟಿಯಲ್ಲಿ ಉಳಿದಿರೋದು ಆ ಒಂದು ಪುಟದಲ್ಲಿ ಮಾತ್ರ.

ಇನ್ನೊಂದು ಉಪಯೋಗ ಅಕ್ಕನೇ ಹೇಳಿದ್ದು. ಮೊದಲ ದೀಪಾವಳಿಗೆ ಭಾವನ ಕಡೆಯವರೆಲ್ಲ ಸೇರ್ತಾರೆ ಅಂತ ಗೊತ್ತಾದಾಗ ಅವಳು ಹಿಂದಿನ ರಾತ್ರಿ ಈ ಪುಸ್ತಕ ತೆಗೆದು ಕೂತಳಂತೆ, ಪರೀಕ್ಷೆಗೆ ಓದೋ ಹಾಗೆ. ಹೊಸ ಮನೆಯಲ್ಲಿ ಯಾರನ್ನ ಚಿಕ್ಕತ್ತೆ ಅನ್ಬೇಕು, ಯಾರನ್ನ ಅಕ್ಕ ಅನ್ಬೇಕು ಅನ್ನೋ ಭಯ ಸಣ್ಣದಲ್ಲ. ಅದರಲ್ಲಿ ಅರ್ಧ ಕಮ್ಮಿ ಆಯ್ತು ಅಂದಳು.

ಕೊನೆಯದಾಗಿ, ಮದುವೆ ಮುಗಿದ ವಾರದೊಳಗೆ ಬಿಟ್ಟುಹೋದ ಹೆಸರುಗಳನ್ನ ಅಮ್ಮನ ಹತ್ರ, ಅತ್ತೆ ಹತ್ರ ಕೇಳಿ ತುಂಬಿಸಿ. ಎಲ್ಲ ಪುಟ ಫೋನ್‌ನಲ್ಲಿ ಸ್ಕ್ಯಾನ್ ಮಾಡಿ, ಒಂದು ಪಿಡಿಎಫ್ ಎರಡೂ ಮನೆಯ ಗ್ರೂಪ್‌ಗೆ ಹಾಕಿ. ಪುಸ್ತಕವನ್ನ ಮಾತ್ರ ಅಟ್ಟಕ್ಕೆ ಹಾಕ್ಬೇಡಿ, ಕೈಗೆ ಸಿಗೋ ಕಡೆ ಇಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.