ಗಾಳಿಯಂತ್ರದ ಕೆಳಗೆ ಹಕ್ಕಿ ಎಣಿಸಿದವರು

ದಾಬಸ್‌ಪೇಟೆ ಹೆದ್ದಾರಿಯಲ್ಲಿ ಗಾಳಿಯಂತ್ರದ ರೆಕ್ಕೆ ಹೊತ್ತ ಉದ್ದನೆ ಲಾರಿ ಕಂಡರೆ ಎಲ್ಲರೂ ಫೋನ್ ತೆಗೀತಾರೆ. ಆ ರೆಕ್ಕೆ ತಿರುಗೋ ಊರಲ್ಲಿ ಹಕ್ಕಿಗಳ ಗತಿ ಏನಾಯ್ತು ಅಂತ ಕೇಳೋರು ಕಡಿಮೆ.

ಕೇಳಿದವರು ಇದ್ದಾರೆ. ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದ ಸಂಶೋಧಕರು ಹರಪನಹಳ್ಳಿಯಲ್ಲಿ ಯಂತ್ರಗಳ ಬುಡ ಸುತ್ತಿ ಸತ್ತ ಹಕ್ಕಿ ಹುಡುಕಿದರು. ಅಂದಾಜು, ಎರಡು ಯಂತ್ರಕ್ಕೆ ವರ್ಷಕ್ಕೆ ಸುಮಾರು ಒಂದು ಹಕ್ಕಿ. ಇಷ್ಟೇನಾ ಅಂತೀರಾ? ನಾಯಿ, ನರಿ ಹೊತ್ತೊಯ್ದದ್ದನ್ನೂ ಲೆಕ್ಕಕ್ಕೆ ಹಿಡಿಯೋದೇ ಇಲ್ಲಿ ಕಷ್ಟದ ಕೆಲಸ.

ಹೆಣ ಎಣಿಸಿದರೆ ಸಾಲದು. ನಮ್ಮ ಐಐಎಸ್‌ಸಿಯ ಮರಿಯಾ ಠಾಕರ್ ತಂಡ ಮಹಾರಾಷ್ಟ್ರದ ಚಾಲ್ಕೇವಾಡಿಯಲ್ಲಿ ಬದುಕಿರೋ ಹಕ್ಕಿಗಳನ್ನೇ ಎಣಿಸಿತು. 2018ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಯಂತ್ರ ಇರೋ ಕಡೆ ಬೇಟೆ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ. ತಿನ್ನೋರಿಲ್ಲದೆ ಓತಿಕ್ಯಾತಗಳು ಹೆಚ್ಚಿದವು, ಆದರೆ ಮೈ ಸೊರಗಿತು. ಜಾಗ ಬಿಟ್ಟು ಹೋದ ಹದ್ದಿನ ಹೆಣ ಯಾರಿಗೂ ಸಿಗಲ್ಲ ನೋಡಿ!

ಗಾಳಿ ವಿದ್ಯುತ್ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ತೇ ಇಲ್ಲ. ಚಿತ್ರದುರ್ಗ, ಗದಗದ ಗುಡ್ಡಗಳಲ್ಲಿ ಕಂಬ ನೆಡೋ ಮುನ್ನ ಒಂದು ವರ್ಷ, ಮಳೆ ಚಳಿ ಬೇಸಿಗೆ ಮೂರೂ ಕಾಲದಲ್ಲಿ, ಹಕ್ಕಿ ಎಣಿಸಿ ಅಂತ ಹೇಳೋಕೆ ಸರ್ಕಾರಕ್ಕೆ ಅಡ್ಡಿ ಏನು?