ಮಲ್ಲಮ್ಮನ ಢಾಲು, ಮಲ್ಲಮ್ಮನ ಕತ್ತಿ

(ಮಹಿಳಾ ವೇದಿಕೆಯ ‘ನನ್ನ ಹೊಸ ಹವ್ಯಾಸ’ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಈ ಕೂಟಕ್ಕೆ ಕರೆಯಲು ಕಾರ್ಯದರ್ಶಿಯವರು ಫೋನ್ ಮಾಡಿದಾಗ, “ನಿಮ್ಮ ಹೆಸರಿನ ಮುಂದೆ ಕಸೂತಿ ಅಂತ ಬರ್ಕೊಂಡಿದ್ದೀನಿ” ಅಂದರು. ಧಾರವಾಡದ ಕಡೆಯವರು ಅಂದಕೂಡಲೇ ಒಂದೋ ಕಸೂತಿ, ಇಲ್ಲದಿದ್ದರೆ ಪೇಢೆ. ನಾನು, “ಇಲ್ರೀ, ವಿಡಿಯೋ ಗೇಮ್‌ನೊಳಗ ಕತ್ತಿ-ಗುರಾಣಿ ಹಿಡಿಯೋ ಹೆಣ್ಣುಮಗಳನ್ನ ಹೆಂಗ ತಯಾರು ಮಾಡೋದು ಅಂತ ಮಾತಾಡ್ತೀನಿ” ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಶಬ್ದವೇ ಇಲ್ಲ. ಆಮೇಲೆ ಮೆಲ್ಲಗೆ, “ಮೊಮ್ಮಕ್ಕಳಿಗಾ?” ಅಂದರು. ಅಲ್ಲ, ನನಗೇ. ವಯಸ್ಸು 61.

ಕಳೆದ ದೀಪಾವಳಿ ಮುಗಿದ ಮೇಲೆ ನನ್ನ ಬಲ ಮೊಣಕಾಲಿನ ಆಪರೇಷನ್ ಆಯಿತು, ನಿಮಗೆಲ್ಲ ಗೊತ್ತು. ನಿಮ್ಮಲ್ಲಿ ಹಲವರು ಡಬ್ಬಿಗಟ್ಟಲೆ ಸಾರು-ಪಲ್ಯ ತಂದುಕೊಟ್ಟಿರಿ. ಮಗ ಆಫೀಸಿನ ಕೆಲಸಕ್ಕೆಂದು ಆಗಾಗ ಊರಿಂದೂರಿಗೆ ಓಡಾಡುವವನು. ನಮ್ಮ ಯಜಮಾನರಿಗೆ ಬೆಳಗಿನಿಂದ ಸುದ್ದಿ ಚಾನೆಲ್ ಇದ್ದರೆ ಸಾಕು. ಮನೆಯಲ್ಲಿ ಕೂತು ಕೆಲಸ ಮಾಡುತ್ತಿದ್ದವಳು ಸೊಸೆ ಒಬ್ಬಳೇ. ಅವಳು ಬಂಗಾಳದವಳು. ನಮ್ಮಿಬ್ಬರ ಮಾತು ಹಿಂದಿಯಲ್ಲಿ, ಮಧ್ಯೆ ಅವಳ ಹರಕು ಕನ್ನಡ. ಇಲ್ಲಿ ಅವಳ ಮಾತನ್ನೆಲ್ಲ ಕನ್ನಡಕ್ಕೆ ತಿರುಗಿಸಿ ಹೇಳುತ್ತೇನೆ.

ಕಾಲು ಚಾಚಿಕೊಂಡು ಕೂರಬೇಕು, ಹೊತ್ತು ಹೋಗದು. ಒಂದು ಸಂಜೆ ಅವಳು ಕೆಲಸ ಮುಗಿಸಿ ತನ್ನ ಕೋಣೆಯಲ್ಲಿ ಆಡುತ್ತಿದ್ದಾಗ ನಾನು ವಾಕರ್ ಹಿಡಿದುಕೊಂಡು ಬಾಗಿಲಿಗೆ ಹೋಗಿ ನಿಂತೆ. ಬೈಯೋಣ ಅಂತಲೇ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ. ಪರದೆಯ ಮೇಲೆ ಹಿಮದ ಬೆಟ್ಟ. ಒಬ್ಬ ಹೆಣ್ಣು, ಎಡಗೈಯಲ್ಲಿ ಗುರಾಣಿ, ಬಲಗೈಯಲ್ಲಿ ಕತ್ತಿ. ನಾನು ಬಾಯಿತಪ್ಪಿ, “ಢಾಲು ಎತ್ತs!” ಅಂದೆ. ಸೊಸೆ ತಿರುಗಿ ನೋಡಿದಳು. “ಮಾ, ನಿಮ್ಮಲ್ಲೂ ಢಾಲ್ ಅಂತಾರಾ?” ನಮ್ಮ ಕಡೆ ಢಾಲು, ಮರಾಠಿಯಲ್ಲಿ ಢಾಲ್, ಬಂಗಾಳಿಯಲ್ಲೂ ಢಾಲ್. ಢಾಲೂ ಇಲ್ಲ, ತಲವಾರೂ ಇಲ್ಲ, ಆದರೂ ನಿಧಿರಾಮನೇ ಸರದಾರ ಅಂತ ಅವರಲ್ಲಿ ಒಂದು ಗಾದೆಯಂತೆ. ಮದುವೆಯಾಗಿ ಬಂದಮೇಲೆ ನಾವಿಬ್ಬರೂ ಸೇರಿ ನಕ್ಕಿದ್ದು ಅದೇ ಮೊದಲು.

ಆಟದ ಹೆಸರು ಸ್ಕೈರಿಮ್. ಅಮೆರಿಕದ ಬೆಥೆಸ್ಡಾ ಕಂಪನಿಯದು, 2011ರ ನವೆಂಬರ್ 11ರಂದು ಬಿಡುಗಡೆಯಾದದ್ದು. ಹಳೆಯ ಆಟವೇ, ಇಂದಿಗೂ ಆಡುವವರಿದ್ದಾರೆ. ಸ್ಕೈರಿಮ್ ಎಂಬ ಹಿಮದ ನಾಡಿನಲ್ಲಿ ಎಂದೋ ಅಳಿದುಹೋದವು ಎಂದು ಜನ ನಂಬಿದ್ದ ಡ್ರ್ಯಾಗನ್‌ಗಳು ಮರಳಿ ಬಂದಿವೆ. ಚಿಕ್ಕ ಮಕ್ಕಳಿರುವ ತಾಯಂದಿರಿಗೆ ಒಂದು ಮಾತು: ಇದು ಮಕ್ಕಳ ಆಟವಲ್ಲ. ರಕ್ತ, ತಲೆ ಕಡಿಯುವುದು ಎಲ್ಲ ಇದೆ. ಅಮೆರಿಕದಲ್ಲಿ ಇದಕ್ಕೆ 17 ವರ್ಷ ದಾಟಿದವರಿಗೆ ಎಂಬ ಗುರುತು ಹಾಕಿದ್ದಾರೆ. ನಾನು ದಾಟಿ ಬಹಳ ದಿನ ಆಯಿತು.

ಶುರುವಿನಲ್ಲಿ ನಾವು ಕೈಕಟ್ಟಿದ ಕೈದಿ. ಗಾಡಿಯಲ್ಲಿ ಕೂರಿಸಿ ಹೆಲ್ಗೆನ್ ಎಂಬ ಊರಿಗೆ ತಲೆ ಕಡಿಸಲು ಒಯ್ಯುತ್ತಾರೆ. ಅಲ್ಲಿ ಪಟ್ಟಿ ಹಿಡಿದ ಅಧಿಕಾರಿಯೊಬ್ಬ ‘ನೀನು ಯಾರು’ ಅಂತ ಕೇಳುತ್ತಾನೆ. ಆಗ ನಾವು ಕುಲ, ಮುಖ, ಗಂಡೋ ಹೆಣ್ಣೋ, ಹೆಸರು, ಎಲ್ಲ ಆರಿಸಿಕೊಳ್ಳಬೇಕು. ಹೆಣ್ಣಾದರೆ ಬಲ ಕಡಿಮೆ ಅನ್ನುವುದು ಈ ಆಟದಲ್ಲಿ ಇಲ್ಲ. ನನ್ನ ತವರು ಬೈಲಹೊಂಗಲ ತಾಲ್ಲೂಕು. ಬೆಳವಡಿ ಮಲ್ಲಮ್ಮನ ಕಥೆ ಕೇಳಿಯೇ ಬೆಳೆದವಳು. ಹಾಗಾಗಿ ಹೆಸರು ಮಲ್ಲಮ್ಮ ಅಂತ ಬರೆಸಿದೆ. ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ಅದೊಂದು ಬೇಜಾರು.

ಹತ್ತು ಕುಲಗಳಿವೆ. ಸೊಸೆ ನನಗೆ ‘ರೆಡ್‌ಗಾರ್ಡ್’ ಆರಿಸಿಕೊಟ್ಟಳು. ಅವರಿಗೆ ಒಂದು ಕೈಯ ಆಯುಧದಲ್ಲಿ ಹುಟ್ಟಿನಿಂದಲೇ ಹತ್ತು ಅಂಕ ಹೆಚ್ಚು, ವಿಷ ಅರ್ಧದಷ್ಟೇ ತಾಗುತ್ತದೆ, ದಿನಕ್ಕೊಮ್ಮೆ ದಣಿವು ಬೇಗ ಆರಿಸಿಕೊಳ್ಳುವ ಶಕ್ತಿ ಬೇರೆ. ‘ಓರ್ಕ್’ ಆದರೂ ನಡೆಯುತ್ತದೆ, ಭಾರದ ಕವಚ ಅವರಿಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಅವರ ಮುಖ ನೋಡಿ ನಾನು ಬೇಡ ಅಂದೆ.

ನನ್ನ ಮೊದಲ ಮಲ್ಲಮ್ಮ ಏನಾದಳು ಅಂತ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಮಾಡುವ ತಪ್ಪು ಅದೇ. ಈ ಆಟದಲ್ಲಿ 18 ವಿದ್ಯೆಗಳಿವೆ: ಯೋಧರಿಗೆ ಆರು, ಮಂತ್ರವಾದಿಗಳಿಗೆ ಆರು, ಕಳ್ಳರಿಗೆ ಆರು. ನಾವು ಒಂದು ಮಟ್ಟ ಏರಿದಾಗಲೆಲ್ಲ ಎರಡು ವಸ್ತು ಸಿಗುತ್ತವೆ. ಮೊದಲನೆಯದು, ಜೀವಬಲ, ಮಂತ್ರಬಲ, ದಮ್ಮು, ಈ ಮೂರರಲ್ಲಿ ಯಾವುದಾದರೂ ಒಂದಕ್ಕೆ ಹತ್ತು ಅಂಕ. ಇನ್ನೊಂದು, ಒಂದು ಪರ್ಕ್. ಪರ್ಕ್ ಅಂದರೆ ಗರಡಿಮನೆಯವರು ಹೇಳುವ ಪಟ್ಟು ಅಂದುಕೊಳ್ಳಿ. ನಾನೇನು ಮಾಡಿದೆ? ಮನೆಯಲ್ಲಿ ನಾಲ್ಕು ಮಕ್ಕಳಿದ್ದರೆ ಹೋಳಿಗೆ ಹಂಚುವ ಹಾಗೆ ಎಲ್ಲಕ್ಕೂ ಸಮ ಹಂಚಿದೆ. ಸ್ವಲ್ಪ ಬೆಂಕಿಯ ಮಂತ್ರ, ಸ್ವಲ್ಪ ಬಿಲ್ಲು, ಬೀಗ ಒಡೆಯುವುದು, ವ್ಯಾಪಾರದ ಮಾತುಗಾರಿಕೆ, ಸ್ವಲ್ಪ ಕತ್ತಿ. ನಾವು ಬೆಳೆದಂತೆ ಶತ್ರುಗಳೂ ಬೆಳೆಯುತ್ತಾರೆ, ಅದು ನನಗೆ ಗೊತ್ತಿರಲಿಲ್ಲ. ಹಳೆಯ ಗೋರಿಗಳೊಳಗೆ ‘ಡ್ರಾಗರ್’ ಅಂತ ಎದ್ದು ಬರುವ ಹೆಣಗಳಿವೆ. ಒಂದೇ ಡ್ರಾಗರ್ ಕೈಯಲ್ಲಿ ಒಂದೇ ಮಧ್ಯಾಹ್ನ ಹನ್ನೊಂದು ಸಲ ಸತ್ತೆ. ಹಾಕಿದ ಪರ್ಕ್ ಸುಲಭವಾಗಿ ವಾಪಸು ಬರುವುದಿಲ್ಲ. ಸೊಸೆ ನೋಡಿ, “ಮಾ, ಇವಳನ್ನು ಬಿಟ್ಟುಬಿಡಿ, ಹೊಸಬಳನ್ನು ಶುರು ಮಾಡೋಣ” ಅಂದಳು. ನನಗೆ ನಿಜಕ್ಕೂ ಸಂಕಟ ಆಯಿತು.

ಎರಡನೆಯ ಮಲ್ಲಮ್ಮನಿಗೆ ನಾವು ನಾಲ್ಕೇ ವಿದ್ಯೆ ಇಟ್ಟುಕೊಂಡೆವು: ಒಂದು ಕೈಯ ಆಯುಧ, ಗುರಾಣಿಯ ತಡೆ, ಭಾರದ ಕವಚ, ಕಮ್ಮಾರಿಕೆ. ಹೆಲ್ಗೆನ್‌ನಿಂದ ತಪ್ಪಿಸಿಕೊಂಡು ಬರುವ ದಾರಿಯಲ್ಲಿ ಮೂರು ಕಲ್ಲುಗಳಿವೆ. ಅದರಲ್ಲಿ ಯೋಧನ ಕಲ್ಲನ್ನು ಮುಟ್ಟಿದರೆ ಯೋಧವಿದ್ಯೆಗಳೆಲ್ಲ ನೂರಕ್ಕೆ ಇಪ್ಪತ್ತರಷ್ಟು ಬೇಗ ಕೈಗೆ ಹತ್ತುತ್ತವೆ. ಮಂತ್ರಬಲಕ್ಕೆ ಒಂದು ಅಂಕವೂ ಹಾಕಲಿಲ್ಲ. ಮೊದಮೊದಲು ಎರಡು ಸಲ ಜೀವಬಲಕ್ಕೆ ಹಾಕಿದರೆ ಒಂದು ಸಲ ದಮ್ಮಿಗೆ. ದಮ್ಮು ಯಾಕೆ ಬೇಕೆಂದರೆ, ಜೋರಾಗಿ ಬೀಸುವ ಹೊಡೆತಕ್ಕೂ ಗುರಾಣಿಯಿಂದಲೇ ಗುದ್ದುವುದಕ್ಕೂ ಅದು ಖರ್ಚಾಗುತ್ತದೆ. ದಮ್ಮು ಹೆಚ್ಚಿಸಿದಾಗಲೆಲ್ಲ ಹೊರುವ ಭಾರವೂ ಸ್ವಲ್ಪ ಹೆಚ್ಚುತ್ತದೆ, ಕಬ್ಬಿಣದ ಕವಚದವಳಿಗೆ ಅದು ಅನುಕೂಲ. ಪರ್ಕ್‌ಗಳಲ್ಲಿ ಮೊದಲು ಕತ್ತಿಯ ಏಟಿನ ಬಲ ಹೆಚ್ಚಿಸುವುದು, ಗುರಾಣಿಯ ತಡೆ ಗಟ್ಟಿಮಾಡುವುದು. ಇವೆರಡಕ್ಕೂ ಐದೈದು ಮೆಟ್ಟಿಲು, ವಿದ್ಯೆ ಬೆಳೆದಂತೆ ಒಂದೊಂದೇ ಮೆಟ್ಟಿಲು ತೆರೆಯುತ್ತದೆ. ಕೊಡಲಿ, ಗದೆ ಕೂಡ ಹಿಡಿಯಬಹುದು. ಗದೆಯ ಏಟು ದೊಡ್ಡದು, ಆದರೆ ನಿಧಾನ. ನನ್ನ ಬೆರಳಿನ ವೇಗಕ್ಕೆ ಕತ್ತಿಯೇ ಸರಿ.

ಕಮ್ಮಾರಿಕೆಯನ್ನು ಹಲವರು ಬಿಟ್ಟುಬಿಡುತ್ತಾರಂತೆ, ನನಗೆ ಅದೇ ಬಹಳ ಹಿಡಿಸಿತು. ವೈಟ್‌ರನ್ ಎಂಬ ಪೇಟೆಯ ಬಾಗಿಲು ದಾಟಿದ ಕೂಡಲೇ ಬಲಗಡೆ ಒಂದು ಕುಲುಮೆ. ಅಲ್ಲಿ ಸುತ್ತಿಗೆ ಹಿಡಿದವಳು ಏಡ್ರಿಯಾನ್ ಎಂಬ ಹೆಂಗಸು, ಅಂಗಡಿಯೊಳಗೆ ಕೂತು ವ್ಯಾಪಾರ ನೋಡಿಕೊಳ್ಳುವವನು ಅವಳ ಗಂಡ. ನಮ್ಮ ಯಜಮಾನರನ್ನು ಕರೆದು ತೋರಿಸಿದೆ. ಅವರು ‘ಹೂಂ’ ಅಂದು ಮತ್ತೆ ಸುದ್ದಿಗೆ ಹೋದರು. ಏಡ್ರಿಯಾನ್ ಬಳಿ ಕಬ್ಬಿಣ ಕಾಯಿಸಿ ಚೂರಿ ಮಾಡಲು ಕಲಿಯಬಹುದು. ಸಾಣೆಕಲ್ಲಿನಲ್ಲಿ ಕತ್ತಿ ಮಸೆದರೆ ಏಟು ಹೆಚ್ಚುತ್ತದೆ, ಪಕ್ಕದ ಬೆಂಚಿನಲ್ಲಿ ಗುರಾಣಿ, ಕವಚ ರಿಪೇರಿ. ಒಂದು ದಿನ ಪೂರ್ತಿ ಎಲ್ಲೂ ಯುದ್ಧಕ್ಕೆ ಹೋಗದೆ ಬರೀ ಚೂರಿ ಬಡಿದೆ.

ಈಗ ಗುರಾಣಿ. ಇದೇ ಮುಖ್ಯ ಮಾತು, ಸ್ವಲ್ಪ ತಾಳ್ಮೆಯಿಂದ ಕೇಳಿ.

ಈ ಆಟದಲ್ಲಿ ಯಾವ ವಿದ್ಯೆಯಾದರೂ ಬಳಸಿದರಷ್ಟೇ ಬೆಳೆಯುತ್ತದೆ. ಕತ್ತಿ ಬೀಸಿ ತಾಗಿಸಿದರೆ ಕತ್ತಿಯ ವಿದ್ಯೆ. ಗುರಾಣಿಯ ವಿದ್ಯೆ ಬೆಳೆಯಬೇಕಾದರೆ ಮುಖ್ಯವಾಗಿ ಅದರ ಮೇಲೆ ಏಟು ಬೀಳಬೇಕು. ಸುಮ್ಮನೆ ಎತ್ತಿ ಹಿಡಿದುಕೊಂಡು ಊರೆಲ್ಲ ಸುತ್ತಿದರೆ ಒಂದು ಕಾಳಿನಷ್ಟೂ ಬರುವುದಿಲ್ಲ. ಹೊಳೆದಂಡೆಯ ಏಡಿ ಹೊಡೆದರೆ ಚೂರು ಬರುತ್ತದೆ, ಬಲವಾದ ಏಟು ತಡೆದರೆ ಹೆಚ್ಚು ಬರುತ್ತದೆ. ನಾನು ಮಾತ್ರ ಎಡಗೈಯ ಗುಂಡಿ ಒತ್ತಿದವಳು ಬಿಡುತ್ತಲೇ ಇರಲಿಲ್ಲ. ಗುರಾಣಿ ಎತ್ತಿದಾಗ ನಡಿಗೆ ನಿಧಾನ. ಎದುರಿನ ಏಟು ತಡೆಯುತ್ತದೆ, ಬೆನ್ನಿನದನ್ನಲ್ಲ. ಗುಂಡಿ ಒತ್ತಿಕೊಂಡೇ ಬಲಗೈ ಒತ್ತಿದರೆ ಕತ್ತಿ ಬೀಸುವುದಿಲ್ಲ, ಗುರಾಣಿಯಿಂದ ಒಂದು ಗುದ್ದು ಅಷ್ಟೆ. ತೋಳಗಳು ಹಿಂದಿನಿಂದ ಬಂದು ಕಚ್ಚುತ್ತಿದ್ದವು.

ಸೊಸೆ ಪಕ್ಕದಲ್ಲಿ ಕೂತು ಕಲಿಸಿದ್ದು ಹೀಗೆ. ಶತ್ರುವಿನ ಭುಜ ನೋಡಿ, ಕೈ ನೋಡಬೇಡಿ. ಅವನು ದೊಡ್ಡ ಏಟಿಗೆ ಆಯುಧ ಹಿಂದಕ್ಕೆ ಎಳೆದನೋ, ಆಗ ಗುರಾಣಿ ಎತ್ತಿ ಒಂದು ಗುದ್ದು ಕೊಡಿ, ಅವನ ಏಟು ಅಲ್ಲೇ ಮುರಿದು ತತ್ತರಿಸುತ್ತಾನೆ. ಆಗ ಗುರಾಣಿ ಇಳಿಸಿ ಎರಡು ಸಲ ಕತ್ತಿ ಬೀಸಿ. ಮತ್ತೆ ಎತ್ತಿ. ಗುರಾಣಿಯ ವಿದ್ಯೆ 30 ಮುಟ್ಟಿದ ಮೇಲೆ ಎದುರಿನಿಂದ ಬರುವ ಬಾಣ ತಡೆಯುವ ಪರ್ಕ್ ಸಿಗುತ್ತದೆ. ಇನ್ನೊಂದು ತಗೊಂಡರೆ, ಗುರಾಣಿ ಎತ್ತಿದ್ದಾಗ ಶತ್ರು ದೊಡ್ಡ ಏಟು ಎತ್ತಿದ ಕೂಡಲೇ ಕಾಲವೇ ನಿಧಾನವಾಗುತ್ತದೆ, ನನ್ನಂಥ ಬೆರಳಿನವರಿಗೆ ವರದಾನ. 50ಕ್ಕೆ ಬೆಂಕಿ, ಹಿಮ, ಸಿಡಿಲು ಅರ್ಧ ತಡೆಯುವ ಪರ್ಕ್. ಡ್ರ್ಯಾಗನ್ ಎದುರಿಗೆ ನಿಲ್ಲುವವರು ಅದನ್ನು ಬಿಡಲೇಬಾರದು.

ಎಲ್ಲ ಸರಿ ಹೋಗುತ್ತಿತ್ತು. ಒಂದು ಸಂಜೆ ನಾನು ಮತ್ತೆ ಗುರಾಣಿ ಇಳಿಸದೆ ಸತ್ತಾಗ ಅವಳು ನಗುತ್ತಾ, “ಮಾ, ಯಾರೂ ಹೊಡೀತಿಲ್ಲ, ಆದರೂ ಹಿಡ್ಕೊಂಡೇ ಇರ್ತೀರಿ. ನನ್ನ ಜೊತೆಗೂ ಮೊದಲ ವರ್ಷ ಹಾಲು, ಬೀಗದ ಕೈ, ಇದೆರಡು ಬಿಟ್ಟು ಬೇರೆ ಮಾತೇ ಆಡಲಿಲ್ಲ” ಅಂದಳು. ನನಗೆ ರೇಗಿತು. ಕಂಟ್ರೋಲರ್ ಕೆಳಗಿಟ್ಟು ಕೋಣೆಗೆ ಹೋದೆ. ಎರಡು ದಿನ ಆಡಲಿಲ್ಲ. ಮೂರನೆಯ ದಿನ ಅವಳೇ ಚಹಾ ತಂದು ಮಂಚದ ಪಕ್ಕ ಕೂತು, “ಇನ್ನೊಂದು ಮಾತೂ ಇದೆ, ಹೇಳಿಬಿಡ್ತೀನಿ” ಅಂದಳು.

ಗೆಳತಿಯರೇ, ಎರಡು ವರ್ಷದ ಹಿಂದೆ ಸಂಕ್ರಾಂತಿಯ ಎಳ್ಳು-ಬೆಲ್ಲದ ದಿನ, ಇದೇ ಹಾಲಿನಲ್ಲಿ, ಯಾರೋ ಸೊಸೆ ಹೇಗಿದ್ದಾಳೆ ಅಂತ ಕೇಳಿದಾಗ, “ನಮ್ಮನಿಗೆ ಸೊಸಿ ಬಂದಿಲ್ರೀ, ಆಟ ಆಡೋ ಬಾಡಿಗೆದಾರಳು ಬಂದಾಳ” ಅಂದಿದ್ದೆ. ನೀವೆಲ್ಲ ನಕ್ಕಿರಿ, ನಾನೂ ನಕ್ಕೆ. ಆ ದಿನ ಯಾರೋ ತೆಗೆದ ವಿಡಿಯೋ ಗ್ರೂಪಿಗೆ ಹೋಗಿ, ಅಲ್ಲಿಂದ ಮಗನ ಫೋನಿಗೆ ಬಂದಿತ್ತು. ಅವಳಿಗೆ ಆಗ ಕನ್ನಡ ಬರುತ್ತಿರಲಿಲ್ಲ. ‘ಬಾಡಿಗೆದಾರಳು’ ಅಂದರೆ ಏನು ಅಂತ ಅವನನ್ನೇ ಕೇಳಿದಳಂತೆ. ಅವನು ಹೇಳಲಿಲ್ಲವಂತೆ. ಕೆಳಗಿನ ಅಂಗಡಿಯವರನ್ನು ಕೇಳಿ ತಿಳಿದುಕೊಂಡಳಂತೆ. ಇಷ್ಟು ದಿನ ನನ್ನ ಎದುರು ಆಡಿರಲಿಲ್ಲ. ಆಪರೇಷನ್ ಆದಾಗ ರಾತ್ರಿ ಎದ್ದು ನನ್ನನ್ನು ಬಾತ್‌ರೂಮಿಗೆ ನಡೆಸಿಕೊಂಡು ಹೋಗುತ್ತಿದ್ದವಳು ಅವಳೇ.

ನಾನು ಅವಳಿಗೆ ಮನೆಯಲ್ಲಿ ತಪ್ಪಾಯಿತು ಅಂದೆ. ಆದರೆ ಮಾತು ಆಡಿದ್ದು ಇಲ್ಲಿ, ನಿಮ್ಮ ಮುಂದೆ. ಅದಕ್ಕೇ ಈ ತಿಂಗಳು ಕಸೂತಿ ಬೇಡ ಅಂದದ್ದು. ಆವತ್ತಿನ ಮಾತನ್ನು ಇಲ್ಲೇ ವಾಪಸು ತಗೊಳ್ತೀನಿ. ಆ ವಿಡಿಯೋ ಯಾರ ಹತ್ತಿರವಾದರೂ ಉಳಿದಿದ್ದರೆ ದಯವಿಟ್ಟು ಅಳಿಸಿಬಿಡಿ. ಅವಳು ಇವತ್ತು ಬಂದಿದ್ದಾಳೆ, ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಈಗ ನನ್ನ ಕನ್ನಡ ಮುಕ್ಕಾಲು ಪಾಲು ತಿಳಿಯುತ್ತದೆ, ಬೈದರೆ ಪೂರ್ತಿ ತಿಳಿಯುತ್ತದೆ.

ಮಲ್ಲಮ್ಮನ ಸುದ್ದಿ ಹೇಳಿ ಮುಗಿಸುತ್ತೇನೆ. ವೈಟ್‌ರನ್ ಹತ್ತಿರದ ಕಾವಲು ಗೋಪುರದ ಬಳಿ ಮೊದಲ ಡ್ರ್ಯಾಗನ್ ಕೊಂದಳು. ಬೆಂಕಿ ತಡೆಯುವ ಪರ್ಕ್ ಆಗ ಇರಲಿಲ್ಲ, ಗೋಪುರದ ಗೋಡೆಯ ಮರೆ ಹಿಡಿದೇ ಕೆಲಸ ಸಾಗಿಸಿದೆವು. ಅಲ್ಲಿನ ದೊರೆ ಮೆಚ್ಚಿ ಲಿಡಿಯಾ ಎಂಬ ಅಂಗರಕ್ಷಕಿಯನ್ನು ಕೊಟ್ಟ. ಅವಳದೂ ಕತ್ತಿ, ಗುರಾಣಿ. ಒಳ್ಳೆಯವಳೇ, ಆದರೆ ನಾವು ಹೊರಗೆ ಹೋಗಬೇಕೆಂದಾಗ ಸರಿಯಾಗಿ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. “ಮಾ, ಇವಳು ನಿಮ್ಮ ಹಾಗೆ” ಅಂದಳು ಸೊಸೆ. ಈ ಸಲ ರೇಗಲಿಲ್ಲ, ಹೌದಲ್ಲ ಅನ್ನಿಸಿತು. ಮಲ್ಲಮ್ಮನ ಗುರಾಣಿಯ ವಿದ್ಯೆ ಈಗ 47. ಇನ್ನು ಮೂರು ಬೇಕು.

ಸೊಸೆ ಲ್ಯಾಪ್‌ಟಾಪ್, ಕಂಟ್ರೋಲರ್ ಎರಡನ್ನೂ ತಂದಿದ್ದಾಳೆ. ಚಹಾ-ಉಪ್ಪಿಟ್ಟು ಆದಮೇಲೆ ಯಾರಿಗಾದರೂ ಡ್ರಾಗರ್ ಕೈಯಲ್ಲಿ ಸಾಯುವ ಆಸೆ ಇದ್ದರೆ ಮುಂದೆ ಬನ್ನಿ. ನಮ್ಮ ಕಾರ್ಯದರ್ಶಿಯವರದೇ ಮೊದಲ ಪಾಳಿ, ಹೆಸರು ಬರೆಸಿಯಾಗಿದೆ.